ಡಿಸ್ಕ್ ನಮ್ಮದು, ಬೀಗದ ಕೈ ಪೆಟ್ಟಿಗೆಯದು

ಟಿವಿ ಕಾರ್ಯಕ್ರಮಗಳನ್ನು ಹಾರ್ಡ್ ಡಿಸ್ಕಿಗೆ ಹಿಡಿದಿಡುವ ಡಿವಿಆರ್, ಅಂದರೆ ಕೇಬಲ್ ಕಂಪನಿ ಬಾಡಿಗೆಗೆ ಕೊಡುವ ರೆಕಾರ್ಡರ್ ಪೆಟ್ಟಿಗೆಯ ಬೆನ್ನು ನೋಡುವ ಪ್ರಸಂಗ ಹೆಚ್ಚು ಬರುವುದಿಲ್ಲ. ತಂತಿ ಸಿಕ್ಕಿಸುವ ದಿನ ಒಮ್ಮೆ ನೋಡುತ್ತೇವೆ, ಆಮೇಲೆ ಅದು ಗೋಡೆಗೆ ಆತುಕೊಂಡು ಧೂಳು ತಿನ್ನುತ್ತ ಕೂತಿರುತ್ತದೆ. ಆ ಬೆನ್ನಿನ ಮೇಲೆ, ತಂತಿಗಳ ಗದ್ದಲದ ನಡುವೆ, ಒಂದು ತೆಳ್ಳನೆಯ ಕಿಂಡಿ ಇರುತ್ತಿತ್ತು. ಅಮೆರಿಕದ ಕೇಬಲ್ ಮನೆಗಳಲ್ಲಿ ಬಹಳ ಕಾಲ ಓಡಿದ ಸೈಂಟಿಫಿಕ್ ಅಟ್ಲಾಂಟಾ ಎಕ್ಸ್‌ಪ್ಲೋರರ್ 8300 ಎಚ್‌ಡಿಯಲ್ಲಿ ಅದಿತ್ತು, ಮೋಟೊರೋಲಾದ ಡಿಸಿಎಕ್ಸ್ 3400ರಲ್ಲೂ ಇತ್ತು. ಹೊರಗಿನ ಹಾರ್ಡ್ ಡಿಸ್ಕ್ ಜೋಡಿಸಲೆಂದೇ ಇಟ್ಟ ಇ-ಸಾಟಾ ಪೋರ್ಟ್.

ಪೋರ್ಟ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡಬೇಕೆಂದೇನೂ ಇರಲಿಲ್ಲ. ಒಂದು ಕಂಪನಿಯ ಗಿರಾಕಿ ಡಿಸ್ಕ್ ಸಿಕ್ಕಿಸಿದರೆ ‘ಹೊಸ ಡಿಸ್ಕ್ ಕಾಣುತ್ತಿದೆ, ಫಾರ್ಮ್ಯಾಟ್ ಮಾಡಬೇಕೆ’ ಎಂದು ಟಿವಿ ಪರದೆ ಕೇಳುತ್ತಿತ್ತು. ಇನ್ನೊಂದು ಕಂಪನಿಯ ಗಿರಾಕಿ ಅದೇ ಮಾದರಿಯ ಪೆಟ್ಟಿಗೆಗೆ ಅದೇ ಡಿಸ್ಕನ್ನು ಸಿಕ್ಕಿಸಿದರೆ ಪೆಟ್ಟಿಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಪೆಟ್ಟಿಗೆ ಮಾಡಿದವನು ಪೋರ್ಟ್ ಕೊಟ್ಟಿದ್ದ, ಅದರೊಳಗೆ ಓಡುವ ಸಾಫ್ಟ್‌ವೇರ್ ಏನನ್ನು ಒಪ್ಪಬೇಕು ಅನ್ನುವುದು ಮಾತ್ರ ಕೇಬಲ್ ಕಂಪನಿಯ ಕೈಯಲ್ಲಿತ್ತು. ಡಿಸ್ಕ್ ಸಿಕ್ಕಿಸಿದ ಗಿರಾಕಿಯ ರೆಕಾರ್ಡಿಂಗ್ ಹೋದರೆ ಫೋನ್ ಬರುವುದು ಕಂಪನಿಗೆ. ಆ ಉಸಾಬರಿಯೇ ಬೇಡ ಎಂದು ಹಲವರು ಪೋರ್ಟನ್ನು ಮುಚ್ಚಿಯೇ ಇಟ್ಟರು. ಅವರನ್ನು ಪೂರ್ತಿ ಬೈಯುವ ಮನಸ್ಸು ನನಗಿಲ್ಲ. ಆದರೆ ಆ ಸತ್ತ ಪೋರ್ಟ್ ನೋಡಿದಾಗಲೆಲ್ಲ ನನಗೆ ಅನಿಸುವುದು ಒಂದೇ: ಈ ಪೆಟ್ಟಿಗೆ ನಮ್ಮ ಮನೆಯಲ್ಲಿದೆ, ನಮ್ಮ ಮಾತು ಕೇಳುವುದಿಲ್ಲ. ಹೊರಗಿನಿಂದ ಜಾಗ ಸೇರಿಸುವ ಇಡೀ ವಿಷಯಕ್ಕೆ ಇದೇ ಪೀಠಿಕೆ.

ಜಾಗ ಯಾಕೆ ಸಾಲುತ್ತಿರಲಿಲ್ಲ ಅನ್ನುವುದಕ್ಕೆ ದೊಡ್ಡ ತತ್ವವೇನೂ ಬೇಡ, ಗುಣಾಕಾರ ಸಾಕು. 8300 ಎಚ್‌ಡಿಯ ಹೊಟ್ಟೆಯಲ್ಲಿದ್ದದ್ದು 160 ಜಿಬಿ ಡಿಸ್ಕ್. ಹಳೆಯ ಸಾಮಾನ್ಯ ಗುಣಮಟ್ಟದ ಚಾನೆಲ್ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ತೆಗೆದುಕೊಂಡರೆ ಗಂಟೆಗೆ 1.8 ಜಿಬಿ, ಅಂದರೆ ಹತ್ತಿರ ಹತ್ತಿರ 90 ಗಂಟೆ ಹಿಡಿಯುತ್ತದೆ. ಧಾರಾಳ. ಎಚ್‌ಡಿ ಬಂದ ಮೇಲೆ ಲೆಕ್ಕವೇ ಬುಡಮೇಲಾಯಿತು. ಅಮೆರಿಕದಲ್ಲಿ ಆಂಟೆನಾಕ್ಕೆ ಬರುವ ಪ್ರಸಾರದಲ್ಲಿ, ಎಂಪೆಗ್-2 ಎಂಬ ಹಳೆಯ ವಿಧಾನದಲ್ಲಿ ಅಡಕಿದ ಎಚ್‌ಡಿ ಸಂಕೇತದ ಮೇಲ್ಮಿತಿ ಸೆಕೆಂಡಿಗೆ 19.39 ಮೆಗಾಬಿಟ್. ಆ ದರದಲ್ಲಿ ಒಂದು ಗಂಟೆಗೆ 8.7 ಜಿಬಿ. ಅದೇ 160 ಜಿಬಿಯಲ್ಲಿ ಹಿಡಿಯುವುದು 18 ಗಂಟೆ ಮಾತ್ರ. ಒಂದು ಕ್ರೀಡಾಕೂಟದ ವಾರಾಂತ್ಯ, ಮೇಲೆ ಎರಡು ಸಿನಿಮಾ, ಅಷ್ಟಕ್ಕೇ ಪೆಟ್ಟಿಗೆಗೆ ಉಬ್ಬಸ. ಹಳೆಯದನ್ನು ತಾನೇ ಅಳಿಸಿ ಹೊಸದಕ್ಕೆ ಜಾಗ ಮಾಡುವ ಬುದ್ಧಿ ಪೆಟ್ಟಿಗೆಗಿತ್ತು, ಆದರೆ ಯಾವುದು ನಮಗೆ ಬೇಕಾದದ್ದು ಅನ್ನುವ ಬುದ್ಧಿ ಇರಲಿಲ್ಲ. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ವರ ರೆಕಾರ್ಡಿಂಗೂ ಒಂದೇ ಸಾಲಿನಲ್ಲಿ ನಿಂತಿರುತ್ತದೆ. ಯಾರದ್ದು ಅಳಿಯುತ್ತದೋ ಅವರ ಮುಖ ಊದಿಕೊಳ್ಳುತ್ತದೆ.

ಹೀಗಾಗಿ 1 ಟಿಬಿ ಡಿಸ್ಕ್ ಹೊರಗಿನಿಂದ ಸೇರಿಸುವುದು ಆಸೆಬುರುಕತನವೇನೂ ಆಗಿರಲಿಲ್ಲ. ಅದೇ 8.7ರ ಲೆಕ್ಕದಲ್ಲಿ ಇನ್ನೊಂದು 115 ಗಂಟೆ ಸಿಗುತ್ತದೆ, ಮನೆಯಲ್ಲಿ ಶಾಂತಿಯೂ ಸಿಗುತ್ತದೆ. ಮುಂದೆ ಕೇಬಲ್ ಕಂಪನಿಗಳು ಎಚ್.264 ಎಂಬ ಹೆಚ್ಚು ಬಿಗಿಯಾಗಿ ಅಡಕುವ ವಿಧಾನಕ್ಕೆ ಬಂದ ಮೇಲೆ ಒಂದು ಗಂಟೆಗೆ ಬೇಕಾದ ಜಾಗ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು. ಡಿಸ್ಕ್ ಬದಲಾಗದೆಯೇ ಪೆಟ್ಟಿಗೆ ದೊಡ್ಡದಾದ ಅಪರೂಪದ ಸಂದರ್ಭ ಅದು.

ಕೇಬಲ್ ಪೆಟ್ಟಿಗೆಗಳಿಗಿಂತ ಮುಂಚೆ ಈ ಕೆಲಸಕ್ಕೆ ಕೈ ಹಾಕಿದವರು ಟಿವೊ ಎಂಬ, ಬಾಡಿಗೆಗಲ್ಲದೆ ಕೊಂಡುಕೊಳ್ಳುವ ರೆಕಾರ್ಡರ್ ಪೆಟ್ಟಿಗೆ ಕೊಂಡವರು. 1999ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಟಿವೊಗಳಲ್ಲಿ ಎರಡು ಬಗೆ, 14 ಗಂಟೆಯದು ಮತ್ತು 30 ಗಂಟೆಯದು. ಅದೂ ಅತಿ ಕಡಿಮೆ ಗುಣಮಟ್ಟದಲ್ಲಿ ಹಿಡಿದರೆ. ಒಳಗೆ ಪವರ್‌ಪಿಸಿ ಚಿಪ್, ಅದರ ಮೇಲೆ ಲಿನಕ್ಸ್, ಪಕ್ಕದಲ್ಲಿ ಆಗಿನ ಕಂಪ್ಯೂಟರುಗಳಲ್ಲಿದ್ದಂಥದೇ ಸಾಧಾರಣ ಐಡಿಇ ಹಾರ್ಡ್ ಡಿಸ್ಕ್. ಇಷ್ಟು ಗೊತ್ತಾದ ಮೇಲೆ ಸ್ಕ್ರೂ ಡ್ರೈವರ್ ಇದ್ದವರು ಸುಮ್ಮನಿರುತ್ತಾರೆಯೇ? ಪೆಟ್ಟಿಗೆ ಬಿಚ್ಚಿ, ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಿ, ಎರಡನೆಯ ಡಿಸ್ಕನ್ನು ಟಿವೊ ಒಪ್ಪುವಂತೆ ಸಿದ್ಧ ಮಾಡಿ, ಮತ್ತೆ ಮುಚ್ಚಿಡುವುದು ಒಂದು ಹವ್ಯಾಸವಾಗಿಯೇ ಬೆಳೆಯಿತು. ವಾರಂಟಿ ಹೋಗುತ್ತಿತ್ತು, ಹೋಗಲಿ. ಪೆಟ್ಟಿಗೆ ಅವರು ದುಡ್ಡು ಕೊಟ್ಟು ಕೊಂಡದ್ದು. ಕೇಬಲ್ ಕಂಪನಿಯ ಪೆಟ್ಟಿಗೆಯಲ್ಲಿ ಈ ಸ್ವಾತಂತ್ರ್ಯ ಇಲ್ಲ. ಅದು ಬಾಡಿಗೆಯ ವಸ್ತು, ಮುಚ್ಚಳ ಬಿಚ್ಚಿದರೆ ಹಿಂದಿರುಗಿಸುವಾಗ ಲೆಕ್ಕ ಕೊಡಬೇಕು. ಹಾಗಾಗಿ ಮುಚ್ಚಳ ಮುಟ್ಟದೆ ಜಾಗ ಸೇರಿಸುವ ಏಕೈಕ ದಾರಿ ಆ ಹಿಂಬದಿಯ ಪೋರ್ಟ್.

ಇ-ಸಾಟಾ ಬಗ್ಗೆ ಎರಡು ಮಾತು. ಕಂಪ್ಯೂಟರಿನ ಒಳಗೆ ಡಿಸ್ಕನ್ನು ಜೋಡಿಸುವ ಸಾಟಾವನ್ನೇ ಹೊರಗಿನ ಬಳಕೆಗೆ ಗಟ್ಟಿ ಮಾಡಿ 2004ರಲ್ಲಿ ರೂಪಿಸಿದ ಪೋರ್ಟ್ ಅದು. ಒಳಗಿನ ತಂತಿಗೆ 1 ಮೀಟರ್ ಮಿತಿ, ಇದಕ್ಕೆ 2 ಮೀಟರ್. ತಂತಿಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಡಿಸ್ಕಿಗೆ ಅದರದೇ ಅಡಾಪ್ಟರ್ ಬೇಕು, ಗೋಡೆಯಲ್ಲಿ ಇನ್ನೊಂದು ಪ್ಲಗ್ ಬೇಕು. ವೇಗದ ವಿಚಾರದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಂದೇ ಹೊತ್ತಿಗೆ ಎರಡು ಎಚ್‌ಡಿ ಚಾನೆಲ್ ಹಿಡಿಯುತ್ತ ಮೂರನೆಯದನ್ನು ತೋರಿಸಿದರೂ ಸೆಕೆಂಡಿಗೆ ಏಳೆಂಟು ಮೆಗಾಬೈಟ್ ಆದೀತು. ಹಳೆಯ ಯುಎಸ್‌ಬಿ 2.0 ಕೂಡ ಅಷ್ಟನ್ನು ಸಲೀಸಾಗಿ ಹೊರುತ್ತದೆ. ಡಿಸ್ಕ್ ಕೊಳ್ಳುವಾಗ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ವೇಗದ ಅಂಕೆ ನೋಡಿ ಮರುಳಾಗುವುದು ಇಲ್ಲಿ ವ್ಯರ್ಥ.

ನೋಡಬೇಕಾದದ್ದು ಬೇರೆ. ಡಿವಿಆರ್ ತನ್ನ ಡಿಸ್ಕನ್ನು ಬಳಸುವ ರೀತಿಯೇ ವಿಚಿತ್ರ. ಕಂಪ್ಯೂಟರಿನ ಡಿಸ್ಕ್ ನಾವು ಕೆಲಸ ಕೊಟ್ಟಾಗ ಓಡುತ್ತದೆ, ಇಲ್ಲದಿದ್ದರೆ ಆಕಳಿಸುತ್ತದೆ. ಡಿವಿಆರ್ ಹಾಗಲ್ಲ. ನೇರಪ್ರಸಾರವನ್ನು ನಿಲ್ಲಿಸಿ ಹಿಂದಕ್ಕೆ ತಿರುಗಿಸುವ ಸೌಲಭ್ಯ ಇದೆಯಲ್ಲ, ಅದಕ್ಕಾಗಿ ಈಗ ಟ್ಯೂನ್ ಆಗಿರುವ ಚಾನೆಲನ್ನು ಅದು ಬಿಡದೆ ಬರೆದುಕೊಳ್ಳುತ್ತಲೇ ಇರುತ್ತದೆ. ಟಿವಿ ಆರಿಸಿ ಮಲಗಿದರೂ, ಮನೆಗೆ ಬೀಗ ಹಾಕಿ ಊರಿಗೆ ಹೋದರೂ, ಹಳೆಯ ಪೆಟ್ಟಿಗೆಗಳಲ್ಲಿ ಡಿಸ್ಕ್ ಸುತ್ತುತ್ತಲೇ ಇರುತ್ತಿತ್ತು. ಅಮೆರಿಕದ ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ ಎಂಬ ಪರಿಸರ ಸಂಸ್ಥೆ 2011ರಲ್ಲಿ ಹೊರತಂದ ವರದಿಯಲ್ಲಿ ಒಂದು ಎಚ್‌ಡಿ ಡಿವಿಆರ್, ಜೊತೆಗೆ ಇನ್ನೊಂದು ಎಚ್‌ಡಿ ಪೆಟ್ಟಿಗೆ ಇರುವ ಮನೆಯಲ್ಲಿ ಅವೆರಡೇ ಸೇರಿ ಹೊಸ ಫ್ರಿಜ್‌ಗಿಂತ ಹೆಚ್ಚು ವಿದ್ಯುತ್ ತಿನ್ನುತ್ತವೆ ಎಂದಿತ್ತು. ಆಫ್ ಗುಂಡಿ ಒತ್ತಿದರೆ ಪೆಟ್ಟಿಗೆಯ ಮುಂಬದಿಯ ದೀಪ ಆರುತ್ತದೆ ಅಷ್ಟೆ.

ಇಂಥ ದುಡಿಮೆಗೆ ತಕ್ಕ ಡಿಸ್ಕ್‌ಗಳೇ ಬೇರೆ ಇವೆ. ಸೀಗೇಟ್‌ನ ಪೈಪ್‌ಲೈನ್ ಎಚ್‌ಡಿ, ವೆಸ್ಟರ್ನ್ ಡಿಜಿಟಲ್‌ನ ಎವಿ-ಜಿಪಿ ಮುಂತಾದವು ಈ ಕೆಲಸಕ್ಕೆಂದೇ ಬಂದವು. ನಿಧಾನ ಸುತ್ತುತ್ತವೆ, ಹೆಚ್ಚು ಬಿಸಿಯಾಗುವುದಿಲ್ಲ, ಸದ್ದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ತಪ್ಪು ಎದುರಾದಾಗ ಅವು ನಡೆದುಕೊಳ್ಳುವ ರೀತಿಯೇ ಬೇರೆ. ಸಾಮಾನ್ಯ ಡಿಸ್ಕಿಗೆ ಒಂದು ಕೆಟ್ಟ ಸೆಕ್ಟರ್, ಅಂದರೆ ಓದಲಾಗದ ಒಂದು ಪುಟ್ಟ ತುಂಡು, ಸಿಕ್ಕರೆ ಅದು ಹಟ ಹಿಡಿದು ಮತ್ತೆ ಮತ್ತೆ ಓದಲು ನೋಡುತ್ತದೆ, ಎಷ್ಟೋ ಸೆಕೆಂಡ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬ್ಯಾಂಕಿನ ಲೆಕ್ಕದ ಫೈಲಿಗೆ ಅದು ಸರಿ, ಒಂದು ಅಂಕೆಯೂ ತಪ್ಪಬಾರದು. ಸಿನಿಮಾಕ್ಕೆ ಸರಿಯಲ್ಲ. ಡಿಸ್ಕ್ ಹಟ ಹಿಡಿದು ಕೂತ ಹೊತ್ತಿನಲ್ಲಿ ಹೊಸ ಚಿತ್ರ ಬಂದು ಬಂದು ಅದನ್ನು ತಾತ್ಕಾಲಿಕವಾಗಿ ಹಿಡಿದಿಡುವ ಬಫರ್ ಉಕ್ಕಿ ಹೋಗುತ್ತದೆ, ಪರದೆ ನಿಂತುಬಿಡುತ್ತದೆ. ವಿಡಿಯೊಗೆಂದು ಮಾಡಿದ ಡಿಸ್ಕ್ ಒಂದೆರಡು ಸಲ ನೋಡಿ, ಆಗದಿದ್ದರೆ ಬಿಟ್ಟು ಮುಂದೆ ಹೋಗುತ್ತದೆ. ನಮಗೆ ಕಾಣುವುದು ಒಂದು ಕ್ಷಣದ ಚೌಕಚೌಕ ಕಲೆ. ಅದೇ ಸ್ವಭಾವದ ಈಗಿನ ಡಿಸ್ಕ್ ಬೇಕೆಂದರೆ ಸಿಸಿಟಿವಿ ರೆಕಾರ್ಡರಿಗೆ ಹಾಕುವ ವೆಸ್ಟರ್ನ್ ಡಿಜಿಟಲ್ ಪರ್ಪಲ್‌ನಂಥವನ್ನು ನೋಡಬಹುದು. ಹಗಲೂ ರಾತ್ರಿ ಬರೆಯುವುದೇ ಅವುಗಳ ಕಸುಬು. ಒಂದರ ಮೇಲೊಂದು ಹಾಸಿ ಬರೆಯುವ ಎಸ್‌ಎಂಆರ್ ಡಿಸ್ಕ್‌ಗಳು ಅಗ್ಗವೇನೋ ಹೌದು, ಆದರೆ ಬರೆದದ್ದರ ಮೇಲೆ ಮತ್ತೆ ಬರೆಯುವಾಗ ಅವು ತಡವರಿಸುತ್ತವೆ. ಬಿಡುವಿಲ್ಲದೆ ಬರೆದು ಅಳಿಸುವ ಪೆಟ್ಟಿಗೆಗೆ ಅವನ್ನು ಕಟ್ಟುವುದು ನನಗೆ ಒಪ್ಪಿಗೆಯಲ್ಲ.

ಡಿಸ್ಕ್ ಒಳ್ಳೆಯದಿದ್ದು ಅದರ ಹೊರಕವಚ ಕೈಕೊಡುವುದೇ ಹೆಚ್ಚು. ಅಂಗಡಿಯಲ್ಲಿ ಸಿಗುವ ಬಾಹ್ಯ ಡಿಸ್ಕ್‌ಗಳ ಕವಚದೊಳಗೆ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ವಿದ್ಯುತ್ ಉಳಿಸಲೆಂದು ಅದು ಡಿಸ್ಕನ್ನು ಮಲಗಿಸಿಬಿಡುತ್ತದೆ. ಪೆಟ್ಟಿಗೆ ಆ ಹೊತ್ತಿಗೆ ಒಳಗಿನ ಡಿಸ್ಕಿಗೇ ಬರೆಯುತ್ತಿತ್ತು ಅನ್ನಿ. ರಾತ್ರಿ ಎಂಟಕ್ಕೆ ಹೊರಗಿನ ಡಿಸ್ಕಿಗೆ ಬರೆಯಲು ಹೋದರೆ ಅದಕ್ಕೆ ನಿದ್ದೆ. ಏಳಲು ಕೆಲವು ಸೆಕೆಂಡ್ ಬೇಕು. ಅಷ್ಟು ಹೊತ್ತು ಕಾಯುವ ವ್ಯವಧಾನ ಪೆಟ್ಟಿಗೆಯ ಸಾಫ್ಟ್‌ವೇರಿಗೆ ಇಲ್ಲದಿದ್ದರೆ ‘ಡಿಸ್ಕ್ ಸಿಗುತ್ತಿಲ್ಲ’ ಎಂದು ಕೈಚೆಲ್ಲುತ್ತದೆ. ‘ಡಿಸ್ಕ್ ಹಾಳಾಗಿದೆ’ ಎಂದು ಜನ ಬಿಸಾಡಿದವುಗಳಲ್ಲಿ ಎಷ್ಟೋ ಡಿಸ್ಕ್‌ಗಳಿಗೆ ಇದ್ದ ಕಾಯಿಲೆ ನಿದ್ದೆ ಮಾತ್ರ ಎಂಬುದು ನನ್ನ ಅನುಮಾನ. ಕರೆಂಟು ಹೋಗಿ ಬಂದಾಗಲೂ ಇದೇ ರಗಳೆ. ಪೆಟ್ಟಿಗೆ ಏಳುವ ಮೊದಲೇ ಡಿಸ್ಕ್ ಎದ್ದು ಸುತ್ತುತ್ತಿರಬೇಕು. ಅದಕ್ಕೇ ಮೊದಲು ಡಿಸ್ಕಿನ ಸ್ವಿಚ್, ಅದು ಸುತ್ತುವ ಸದ್ದು ನೆಲೆಗೊಂಡ ಮೇಲೆ ಪೆಟ್ಟಿಗೆಯ ಪ್ಲಗ್. ಟಿವೊ ತನ್ನ ಎಚ್‌ಡಿ ಪೆಟ್ಟಿಗೆಗೆ ವೆಸ್ಟರ್ನ್ ಡಿಜಿಟಲ್‌ನ ಮೈ ಡಿವಿಆರ್ ಎಕ್ಸ್‌ಪಾಂಡರ್ ಎಂಬ ಬಾಹ್ಯ ಡಿಸ್ಕ್ ಒಂದನ್ನೇ ಅಧಿಕೃತವಾಗಿ ಒಪ್ಪಿತ್ತು. ಆಗ ಅದು ಜಿಪುಣತನದಂತೆ ಕಂಡಿತ್ತು. ಕವಚದ ಕಾಟಗಳನ್ನು ಕಂಡವರಿಗೆ ಅದರಲ್ಲಿ ಒಂದಿಷ್ಟು ನ್ಯಾಯವೂ ಕಾಣುತ್ತದೆ.

ಈಗ ಬೀಗದ ವಿಷಯಕ್ಕೆ ಬರೋಣ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ.

ಹೊರಗಿನ ಡಿಸ್ಕನ್ನು ಪೆಟ್ಟಿಗೆ ಒಪ್ಪಿಕೊಂಡಾಗ ಮೊದಲು ಮಾಡುವುದು ಅದನ್ನು ಪೂರ್ತಿ ಅಳಿಸಿ ತನ್ನದೇ ವಿನ್ಯಾಸದಲ್ಲಿ ಫಾರ್ಮ್ಯಾಟ್ ಮಾಡುವುದು. ಆಮೇಲೆ ಬರೆಯುವ ಪ್ರತಿಯೊಂದು ಚಿತ್ರವನ್ನೂ ಎನ್‌ಕ್ರಿಪ್ಟ್ ಮಾಡಿ, ಅಂದರೆ ಗುಟ್ಟಿನ ಸಂಕೇತಕ್ಕೆ ತಿರುಗಿಸಿ, ಬರೆಯುತ್ತದೆ. ಅದನ್ನು ಬಿಚ್ಚುವ ಕೀಲಿ ಡಿಸ್ಕಿನ ಮೇಲಿಲ್ಲ, ಪೆಟ್ಟಿಗೆಯ ಚಿಪ್‌ನೊಳಗಿದೆ. ಆ ಒಂದು ಪೆಟ್ಟಿಗೆಗೆ ಮಾತ್ರ ಸೇರಿದ ಕೀಲಿ ಅದು. ಅದೇ ಮಾದರಿಯ, ಅದೇ ಕಂಪನಿಯ, ಅದೇ ಮನೆಯ ಇನ್ನೊಂದು ಪೆಟ್ಟಿಗೆಗೆ ಡಿಸ್ಕ್ ಸಿಕ್ಕಿಸಿದರೂ ಅದು ‘ಹೊಸ ಡಿಸ್ಕ್, ಫಾರ್ಮ್ಯಾಟ್ ಮಾಡಲೇ’ ಎಂದೇ ಕೇಳುತ್ತದೆ. ಕಂಪ್ಯೂಟರಿಗೆ ಸಿಕ್ಕಿಸಿದರೆ ಅದೂ ಅದನ್ನೇ ಕೇಳುತ್ತದೆ, ಮತ್ತು ಅಲ್ಲಿ ಅಭ್ಯಾಸಬಲದಿಂದ ಸರಿ ಎಂದು ಒತ್ತಿದರೆ ಮೂಲ ಪೆಟ್ಟಿಗೆಗೂ ಆ ಡಿಸ್ಕ್ ಬೇಡವಾಗುತ್ತದೆ. ಟಿವೊದಲ್ಲಿ ಇನ್ನೊಂದು ತಿರುವಿತ್ತು. ಅದು ಒಳಗಿನ ಡಿಸ್ಕ್, ಹೊರಗಿನ ಡಿಸ್ಕ್ ಎರಡನ್ನೂ ಒಂದೇ ಜಾಗವೆಂದು ಎಣಿಸಿ, ಒಂದೇ ಕಾರ್ಯಕ್ರಮದ ತುಣುಕುಗಳನ್ನು ಎರಡರಲ್ಲೂ ಹಂಚಿ ಬರೆಯುತ್ತಿತ್ತು. ತಂತಿ ಕಿತ್ತರೆ ಎರಡೂ ಕಡೆಯ ಕಾರ್ಯಕ್ರಮಗಳು ಹೋಗುತ್ತಿದ್ದವು. ಹೊರಗಿನ ಡಿಸ್ಕ್ ಸೇರಿಸುವುದೆಂದರೆ ಕೆಡುವ ಸಾಧ್ಯತೆ ಇರುವ ವಸ್ತು ಒಂದಿದ್ದದ್ದು ಎರಡಾಗುವುದು ಅನ್ನುವುದನ್ನು ಕೊಳ್ಳುವ ಉತ್ಸಾಹದಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ.

ನನ್ನ ಗೆಳೆಯನೊಬ್ಬನ ಮನೆಯಲ್ಲಿ ಇಂಥ ಪೆಟ್ಟಿಗೆ ಇತ್ತು, ಜೊತೆಗೆ ಅವನೇ ತಂದು ಜೋಡಿಸಿದ ಡಿಸ್ಕ್. ಅವನ ಮಗಳು ಶಾಲೆಯ ಗಾಯನ ತಂಡದಲ್ಲಿ ಹಾಡಿದ ಕಾರ್ಯಕ್ರಮ ಒಂದು ಸಣ್ಣ ಚಾನೆಲ್‌ನಲ್ಲಿ ಬಂದಿತ್ತು. ಅದು ಆ ಡಿಸ್ಕಿನಲ್ಲಿತ್ತು. ಪೆಟ್ಟಿಗೆ ಆಗಾಗ ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಗತೊಡಗಿದಾಗ ಕಂಪನಿಯವರು ‘ಹಳೆಯದು ತಂದುಕೊಡಿ, ಹೊಸದು ಕೊಡುತ್ತೇವೆ’ ಅಂದರು. ಇವನಿಗೆ ಖುಷಿ.

‘ಪೆಟ್ಟಿಗೆ ಅವರದು, ತಗೊಂಡು ಹೋಗ್ಲಿ. ಡಿಸ್ಕ್ ನಂದೇ ಅಲ್ವೇನೋ, ದುಡ್ಡು ಕೊಟ್ಟು ತಂದಿದ್ದು,’ ಅಂದ.

‘ಡಿಸ್ಕ್ ನಿಂದೇ ಕಣೋ. ಅದರೊಳಗಿರೋದನ್ನ ಓದೋದು ಮಾತ್ರ ಆ ಪೆಟ್ಟಿಗೇನೇ. ಅದು ಹೋದ್ರೆ ಹೊಸದು ಬರೋದಕ್ಕೆ ಇದು ಬರೀ ಖಾಲಿ ಡಿಸ್ಕು,’ ಅಂದೆ.

ಅವನು ನಂಬಲಿಲ್ಲ. ನಂಬದಿರುವುದೇ ಸಹಜ. ಕಪಾಟು ಕೊಂಡರೆ ಅದರಲ್ಲಿಟ್ಟ ಬಟ್ಟೆಯೂ ನಮ್ಮದೇ ಎಂದು ಬದುಕಿ ರೂಢಿಯಾದವರು ನಾವು. ಕೊನೆಗೆ ಉಳಿದದ್ದು ಒಂದೇ ದಾರಿ: ಪೆಟ್ಟಿಗೆ ಇನ್ನೂ ಉಸಿರಾಡುತ್ತಿರುವಾಗಲೇ ಅದರ ಅನಲಾಗ್ ಔಟ್‌ಪುಟ್ಟಿನಿಂದ, ಆ ಹಳದಿ-ಕೆಂಪು-ಬಿಳಿ ತಂತಿಗಳಿಂದ, ಡಿವಿಡಿ ರೆಕಾರ್ಡರಿಗೆ ಹರಿಸಿಕೊಳ್ಳುವುದು. ಎಚ್‌ಡಿಯ ಗರಿಗರಿ ಹೋಗಿ ಚಿತ್ರ ಮೆತ್ತಗಾಗುತ್ತದೆ, ಆದರೂ ಮಗುವಿನ ಮುಖ ಗೊತ್ತಾಗುತ್ತದೆ. ಈ ವಿಧಾನದ ಕಷ್ಟ ಏನೆಂದರೆ ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಂದು ಗಂಟೆ ಹಿಡಿಯುತ್ತದೆ. ಡಿಸ್ಕಿನಲ್ಲಿ ನೂರಕ್ಕೂ ಹೆಚ್ಚು ಗಂಟೆಯ ಸರಕಿತ್ತು. ಗೆಳೆಯ ಪಟ್ಟಿ ತೆರೆದು ಒಂದೊಂದೇ ನೋಡುತ್ತ ಹೋದ. ‘ಇದು ಬೇಕಾ?’ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಒಂದು ಗಂಟೆ ಕೂತು ಕಾಯುವಷ್ಟು ಬೇಕಾದದ್ದು ಯಾವುದು ಎಂಬ ಪ್ರಶ್ನೆ ಎದುರಾದಾಗ ಆ ಪಟ್ಟಿ ಎಷ್ಟು ಬೇಗ ಸವೆಯಿತು ಎಂದರೆ ಅವನಿಗೇ ನಗು ಬಂತು. ಮಗಳ ಹಾಡು, ಮರುಪ್ರಸಾರ ಕಾಣದ ಒಂದು ಸಾಕ್ಷ್ಯಚಿತ್ರ, ಒಂದು ಪಂದ್ಯದ ಕೊನೆಯ ಭಾಗ. ಉಳಿದದ್ದನ್ನು ಬಿಟ್ಟ. ಉಳಿದದ್ದರಲ್ಲಿ ಹೆಚ್ಚಿನವನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಇಷ್ಟು ಬಿಗಿಯಾದ ಬೀಗ ಯಾಕೆ ಎಂದರೆ, ಕೇಬಲ್‌ನಲ್ಲಿ ಬರುವ ಪ್ರತಿ ಕಾರ್ಯಕ್ರಮದ ಜೊತೆ ಅದೃಶ್ಯವಾದ ಒಂದು ಚೀಟಿ ಬರುತ್ತದೆ. ಎರಡೇ ಬಿಟ್‌ಗಳ ಚೀಟಿ. ಎಷ್ಟು ಬೇಕಾದರೂ ನಕಲು ಮಾಡಿಕೊ, ಒಂದೇ ಸಲ ನಕಲು ಮಾಡಿಕೊ, ಇನ್ನು ನಕಲು ಬೇಡ, ನಕಲೇ ಕೂಡದು ಎಂದು ನಾಲ್ಕು ಆಜ್ಞೆಗಳು ಅದರಲ್ಲಿ ಹಿಡಿಯುತ್ತವೆ. ಅಮೆರಿಕದ ಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ 2003ರಲ್ಲಿ ಇದಕ್ಕೆ ಕಟ್ಟು ಹಾಕಿತು. ಆಂಟೆನಾದಲ್ಲಿ ಉಚಿತವಾಗಿ ಸಿಗುವ ಚಾನೆಲನ್ನು ಕೇಬಲ್‌ನಲ್ಲಿ ಕೊಡುವಾಗ ನಕಲಿಗೆ ಅಡ್ಡಿ ಮಾಡುವಂತಿರಲಿಲ್ಲ. ದುಡ್ಡು ಕೊಟ್ಟು ನೋಡುವ ಚಾನೆಲ್‌ಗಳಿಗೆ ಒಂದು ನಕಲಿನ ಮಿತಿ ಹಾಕಬಹುದಿತ್ತು. ಪ್ರತಿ ಸಿನಿಮಾಕ್ಕೂ ಬೇರೆ ದುಡ್ಡು ತೆಗೆದುಕೊಳ್ಳುವ ಸೇವೆಗಳಲ್ಲಿ ನಕಲನ್ನೇ ತಡೆಯಬಹುದಿತ್ತು. ಒಂದು ನಕಲಿಗೆ ಒಪ್ಪಿಗೆ ಇದ್ದಲ್ಲಿ ಆ ಒಂದು ನಕಲು ಡಿವಿಆರ್ ಡಿಸ್ಕಿನಲ್ಲೇ ಆಗಿಹೋಯಿತು. ಅಲ್ಲಿಂದ ಮುಂದಕ್ಕೆ ದಾರಿ ಇಲ್ಲ. 2013ರಲ್ಲಿ ನ್ಯಾಯಾಲಯ ರದ್ದು ಮಾಡುವವರೆಗೆ ಕಾಗದದ ಮೇಲೆ ಈ ನಿಯಮ ನ್ಯಾಯವಾಗಿಯೇ ಇತ್ತು. ತೊಂದರೆ ಇದ್ದದ್ದು ಜಾರಿಯಲ್ಲಿ. ಉಚಿತ ಚಾನೆಲ್ ಆಗಲಿ, ಶಾಲಾ ಮಕ್ಕಳ ಹಾಡಾಗಲಿ, ಬಾಡಿಗೆ ಪೆಟ್ಟಿಗೆ ಎಲ್ಲವನ್ನೂ ಒಂದೇ ಬೀಗದೊಳಗೆ ಹಾಕುತ್ತದೆ. ಚೀಟಿಯಲ್ಲಿ ಏನೇ ಬರೆದಿದ್ದರೂ ಡಿಸ್ಕಿನ ಮಟ್ಟಿಗೆ ಎಲ್ಲವೂ ಗುಟ್ಟು. ಎಚ್‌ಡಿ ಪೆಟ್ಟಿಗೆಗಳಲ್ಲಿ ಕಂಪ್ಯೂಟರಿಗೆ ಜೋಡಿಸಬಹುದಾದ ಫೈರ್‌ವೈರ್ ಎಂಬ ಪೋರ್ಟ್ ಇರಬೇಕೆಂಬ ನಿಯಮ ಬಂದಾಗ ಕೆಲವರು ಅದರ ಮೂಲಕ ಉಚಿತ ಚಾನೆಲ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡದ್ದುಂಟು. ಆದರೆ ಅದಕ್ಕೆ ಬೇಕಾದ ತಾಳ್ಮೆ ಸಾಮಾನ್ಯ ಜನರಿಗೆ ಇರುವಂಥದ್ದಲ್ಲ.

ಇದರ ಬೇರು ಇನ್ನೂ ಹಿಂದಿದೆ. 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಸೋನಿಯ ಬೀಟಾಮ್ಯಾಕ್ಸ್ ಎಂಬ ಟೇಪ್ ರೆಕಾರ್ಡರಿನ ಮೊಕದ್ದಮೆಯಲ್ಲಿ 5-4ರ ಬಹುಮತದಿಂದ ತೀರ್ಪು ಕೊಟ್ಟಿತು. ಮನೆಯಲ್ಲಿ ಟಿವಿ ಕಾರ್ಯಕ್ರಮವನ್ನು ಹಿಡಿದಿಟ್ಟು ಬೇರೆ ಹೊತ್ತಿಗೆ ನೋಡುವುದು ತಪ್ಪಲ್ಲ ಎಂದಿತು. ಮಕ್ಕಳ ಕಾರ್ಯಕ್ರಮಕ್ಕೆ ಹೆಸರಾದ ಫ್ರೆಡ್ ರಾಜರ್ಸ್, ಮನೆಮಂದಿ ತಮ್ಮ ಕಾರ್ಯಕ್ರಮವನ್ನು ಹಿಡಿದಿಟ್ಟು ತಮಗೆ ಅನುಕೂಲವಾದಾಗ ನೋಡಿದರೆ ತಮಗೇನೂ ಅಡ್ಡಿಯಿಲ್ಲ ಎಂದು ಆ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ್ದರು. ನ್ಯಾಯಾಲಯ ಅದನ್ನು ತನ್ನ ತೀರ್ಪಿನಲ್ಲೇ ಎತ್ತಿ ಹೇಳಿತು. ಆ ತೀರ್ಪಿನ ಬಲವೆಲ್ಲ ನಿಂತಿರುವುದು ಹೊತ್ತು ಬದಲಿಸಿ ನೋಡುವುದರ ಮೇಲೆ. ಶಾಶ್ವತವಾಗಿ ಕೂಡಿಡುವುದಕ್ಕೆ ಅದು ಅಷ್ಟೇ ಧಾರಾಳವಾಗಿ ಬೆನ್ನು ತಟ್ಟಿಲ್ಲ. ಟೇಪಿನ ಕಾಲದಲ್ಲಿ ಈ ಎರಡರ ನಡುವೆ ಗೋಡೆ ಇರಲಿಲ್ಲ. ಸಂಜೆಯ ಕಾರ್ಯಕ್ರಮ ಹಿಡಿದ ಕ್ಯಾಸೆಟ್ಟನ್ನೇ ಮೇಲೆ ಹೆಸರು ಬರೆದು ಅಟ್ಟಕ್ಕೆ ಏರಿಸಬಹುದಿತ್ತು, ನೆಂಟರಿಗೆ ಕೊಡಬಹುದಿತ್ತು, ಯಾವ ಕಂಪನಿಯ ವಿಸಿಆರ್‌ನಲ್ಲಾದರೂ ಹಾಕಬಹುದಿತ್ತು. ಡಿವಿಆರ್ ಬಂದ ಮೇಲೆ ಆ ಗೋಡೆ ಎದ್ದಿತು. ಅದರಲ್ಲಿ ಹೊತ್ತು ಬದಲಿಸುವುದು ಟೇಪಿಗಿಂತ ಸಾವಿರ ಪಾಲು ಸಲೀಸು, ಕೂಡಿಡುವುದು ಮಾತ್ರ ಅಸಾಧ್ಯ. ಹೊರಗಿನಿಂದ ಡಿಸ್ಕ್ ಸೇರಿಸಿದರೆ ಆ ಮೊದಲ ಅನುಕೂಲ ಇನ್ನಷ್ಟು ದೊಡ್ಡದಾಗುತ್ತದೆ. ಎರಡನೆಯದು ಇದ್ದಲ್ಲೇ ಇರುತ್ತದೆ.

ಹೀಗೆ ತಿಳಿದುಕೊಂಡು ಸೇರಿಸಿದರೆ ನಿರಾಸೆಗೆ ಕಾರಣವಿಲ್ಲ. ಉಗ್ರಾಣವೆಂದುಕೊಂಡು ಅದನ್ನು ಕೊಂಡವರೇ ಆಮೇಲೆ ಸಿಟ್ಟಾಗುವುದು. ನೋಡಿ ಅಳಿಸುವ ಸರದಿ ಸ್ವಲ್ಪ ಉದ್ದವಾಗಲಿ, ಒಂದು ಸರಣಿ ಮುಗಿಯುವವರೆಗೆ ಎಲ್ಲ ಕಂತುಗಳೂ ಇರಲಿ, ಮನೆಯಲ್ಲಿ ಯಾರದೂ ಅರ್ಧಕ್ಕೇ ಅಳಿಯದಿರಲಿ ಎಂಬುದಕ್ಕಾದರೆ 1 ಟಿಬಿ ಬೇಕಾದಷ್ಟಾಯಿತು. ಇನ್ನೂ ದೊಡ್ಡದು ಬೇಕೆಂದು ಹೋದರೆ ಹಳೆಯ ಪೆಟ್ಟಿಗೆಗಳೇ ತಡೆಯುತ್ತವೆ. 32 ಬಿಟ್‌ಗಳಲ್ಲಿ ಸೆಕ್ಟರ್ ಎಣಿಸುವ ಸಾಫ್ಟ್‌ವೇರಿಗೆ 512 ಬೈಟಿನ ಸೆಕ್ಟರ್ ಲೆಕ್ಕದಲ್ಲಿ 2.2 ಟಿಬಿ ಆಚೆಗೆ ಲೋಕವೇ ಇಲ್ಲ. ಕೆಲವು ಪೆಟ್ಟಿಗೆಗಳು ಅಷ್ಟರವರೆಗೂ ಹೋಗುತ್ತಿರಲಿಲ್ಲ. ನನ್ನನ್ನು ಕೇಳಿದರೆ ಅದೂ ಒಳ್ಳೆಯದೇ. ತುಂಬುವ ಭಯ ಇಲ್ಲದ ಪೆಟ್ಟಿಗೆಯಲ್ಲಿ ಜನ ರೆಕಾರ್ಡ್ ಗುಂಡಿ ಒತ್ತುವುದನ್ನೇ ನೋಡುವುದು ಎಂದುಕೊಂಡುಬಿಡುತ್ತಾರೆ.

ಉಪಗ್ರಹ ಟಿವಿಯ ಡಿಶ್ ನೆಟ್‌ವರ್ಕ್ ಇದನ್ನೇ ಬೇರೆ ರೀತಿ ಬಿಡಿಸಿತ್ತು. ಅಲ್ಲಿ ಹೊರಗಿನ ಯುಎಸ್‌ಬಿ ಡಿಸ್ಕ್ ಒಂದೇ ಪೆಟ್ಟಿಗೆಗೆ ಅಂಟಿರಲಿಲ್ಲ, ಆ ಮನೆಯ ಖಾತೆಗೆ ಅಂಟಿತ್ತು. ನಡುಮನೆಯ ಪೆಟ್ಟಿಗೆಯಿಂದ ಕಿತ್ತು ಕೋಣೆಯ ಪೆಟ್ಟಿಗೆಗೆ ಹಾಕಿದರೂ ಓಡುತ್ತಿತ್ತು. ಬೀಗ ಅಲ್ಲೂ ಇತ್ತು, ಆದರೆ ಕೀಲಿ ಕೆಟ್ಟುಹೋಗಬಹುದಾದ ಯಂತ್ರದ ಬದಲು ಗಿರಾಕಿಯ ಹೆಸರಿನಲ್ಲಿತ್ತು. ಕೇಬಲ್ ಕಂಪನಿಗಳು ಇದೇ ದಾರಿ ಹಿಡಿದಿದ್ದರೆ ಗೆಳೆಯನ ಡಿವಿಡಿ ರೆಕಾರ್ಡರ್ ಅಟ್ಟದಿಂದ ಇಳಿಯುತ್ತಲೇ ಇರಲಿಲ್ಲ.

ಅವು ಹಿಡಿದ ದಾರಿ ಬೇರೆ. ಕೇಬಲ್‌ವಿಷನ್ ಎಂಬ ಕಂಪನಿ ಮನೆಯ ಡಿಸ್ಕನ್ನೇ ತೆಗೆದು, ರೆಕಾರ್ಡಿಂಗನ್ನು ತನ್ನ ಸರ್ವರಿನಲ್ಲಿ ಇಡುವ ಯೋಜನೆ ಮಾಡಿತು. ಸಿನಿಮಾ ಮತ್ತು ಟಿವಿ ಕಂಪನಿಗಳು ಮೊಕದ್ದಮೆ ಹೂಡಿದವು. 2008ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಕೇಬಲ್‌ವಿಷನ್ ಪರ ನಿಂತಿತು, ಮರುವರ್ಷ ಸುಪ್ರೀಂ ಕೋರ್ಟ್ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ನಕಲು ಮಾಡುವವನು ಗುಂಡಿ ಒತ್ತಿದ ಗಿರಾಕಿ, ಕಂಪನಿಯಲ್ಲ ಎಂಬುದು ವಾದದ ತಿರುಳು. ಅದಕ್ಕಾಗಿ ಒಬ್ಬೊಬ್ಬ ಗಿರಾಕಿಗೂ ಅವನದೇ ಪ್ರತ್ಯೇಕ ಪ್ರತಿ ಇರಬೇಕು. ಸಾವಿರ ಜನ ಒಂದೇ ಪಂದ್ಯವನ್ನು ಹಿಡಿದರೆ ಸರ್ವರಿನಲ್ಲಿ ಅಚ್ಚೊತ್ತಿದಂಥ ಸಾವಿರ ಪ್ರತಿಗಳು. ಎಂಜಿನಿಯರಿಗೆ ಇದು ಹುಚ್ಚಾಟ, ವಕೀಲರಿಗೆ ಇದೇ ಅಡಿಪಾಯ. ಆ ಅಡಿಪಾಯದ ಮೇಲೆ ಕ್ಲೌಡ್ ಡಿವಿಆರ್ ಬೆಳೆಯಿತು, ಪೆಟ್ಟಿಗೆಯ ಬೆನ್ನಿನ ಪೋರ್ಟಿಗೆ ಕೆಲಸವಿಲ್ಲವಾಯಿತು. ಡಿಸ್ಕ್ ಕೊಳ್ಳುವ, ಮಲಗದಂತೆ ಕಾಯುವ, ಸ್ವಿಚ್ಚಿನ ಸರದಿ ನೆನಪಿಡುವ ತಾಪತ್ರಯ ಯಾವುದೂ ಈಗ ಇಲ್ಲ. ಬದಲಿಗೆ ಕಂಪನಿ ಹೇಳಿದಷ್ಟು ಗಂಟೆ, ಹೇಳಿದಷ್ಟು ದಿನ. 2017ರಲ್ಲಿ ಬಂದ, ಅಂತರ್ಜಾಲದಲ್ಲೇ ಚಾನೆಲ್‌ಗಳನ್ನು ಕೊಡುವ ಯೂಟ್ಯೂಬ್ ಟಿವಿ ಗಂಟೆಗಳ ಮಿತಿಯನ್ನೇ ಇಟ್ಟಿಲ್ಲ, ಆದರೆ ಹಿಡಿದದ್ದು 9 ತಿಂಗಳಿಗೆ ಅಳಿಯುತ್ತದೆ. ಹಳದಿ-ಕೆಂಪು-ಬಿಳಿ ತಂತಿಯಂತೂ ಅದಕ್ಕಿಲ್ಲ.

ಗೆಳೆಯನ ಮಗಳ ತಂಡದ ಈಚಿನ ಕಾರ್ಯಕ್ರಮವನ್ನು ಆ ಚಾನೆಲ್ಲಿನವರೇ ತಮ್ಮ ಜಾಲತಾಣದಲ್ಲಿ ಹಾಕಿ, ಬೇಕಾದವರು ಇಳಿಸಿಕೊಳ್ಳಿ ಎಂದಿದ್ದರು. ಅವನು ಇಳಿಸಿಕೊಂಡಿದ್ದಾನೆ. ಪೆಟ್ಟಿಗೆ ಕೊಟ್ಟುಬಂದ ಮೇಲೆ ಕಂಪ್ಯೂಟರಿಗೆ ಹಾಕಿ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಅದೇ ಡಿಸ್ಕಿನಲ್ಲಿ ಹಾಕಿಟ್ಟಿದ್ದಾನೆ. ವರ್ಷಗಟ್ಟಲೆ ಹಗಲೂ ರಾತ್ರಿ ಸುತ್ತಿದ ಡಿಸ್ಕ್ ಅದು, ಎರಡನೆಯ ಪ್ರತಿ ಎಲ್ಲಿದೆ ಎಂದು ಕೇಳಿದೆ. ‘ಮಾಡ್ತೀನಿ ಬಿಡೋ’ ಅಂದ.